ಮಕ್ಕಳ ದೃಢೀಕರಣ ಮತ್ತು ನಮ್ಮ ಉಗುರುಬೆಚ್ಚಗಿನ ನಂಬಿಕೆ

ಎಲ್ಲರಿಗೂ ವಂದನೆ. ಮಗ ದೃಢೀಕರಣ (ಚಿಕ್ಕಂದಿನಲ್ಲಿ ದೀಕ್ಷಾಸ್ನಾನ ಪಡೆದ ಮಕ್ಕಳು ಹದಿಹರೆಯದಲ್ಲಿ ನಂಬಿಕೆಯನ್ನು ತಾವೇ ಒಪ್ಪಿಕೊಳ್ಳುವ ಚರ್ಚಿನ ವಿಧಿ) ಬೇಡ ಅನ್ನುತ್ತಿದ್ದಾನೆ, ಏನು ಮಾಡಲಿ ಅಂತ ಅಕ್ಕ ಒಬ್ಬರು ಈ ಗುಂಪಿನಲ್ಲಿ ಕೇಳಿದ್ದರು. ಬಂದ ಉತ್ತರಗಳನ್ನೆಲ್ಲ ಓದಿದೆ. ಕೆಲವರು, ಒತ್ತಾಯ ಮಾಡಿ ಮುಗಿಸಿಬಿಡಿ, ಊರಲ್ಲಿ ಅಜ್ಜಿಗೆ ಖುಷಿಯಾಗುತ್ತದೆ ಅಂದರು. ಇನ್ನು ಕೆಲವರು, ಬಿಟ್ಟುಬಿಡಿ, ದೊಡ್ಡವನಾದ ಮೇಲೆ ತಾನೇ ಬರುತ್ತಾನೆ ಅಂದರು. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಜರ್ಮನಿಯಲ್ಲಿ 14 ತುಂಬಿದ ಮೇಲೆ ಧರ್ಮದ ವಿಷಯ ಮಕ್ಕಳದೇ ತೀರ್ಮಾನ, ಕಾನೂನೇ ಹಾಗಿದೆ. ಒತ್ತಾಯ ಎಷ್ಟು ದಿನ ನಡೆದೀತು? ತಾನೇ ಬರುತ್ತಾನೆ ಅನ್ನುವುದನ್ನೂ ನಂಬುವುದು ಕಷ್ಟ. ಇಲ್ಲಿ ಪ್ರತಿ ವರ್ಷ ಲಕ್ಷಗಟ್ಟಲೆ ಜನ ಚರ್ಚಿನ ಸದಸ್ಯತ್ವ ಬಿಡುತ್ತಿದ್ದಾರೆ.

ಅಕ್ಕ, ನಿಮ್ಮ ಹುಡುಗ ದೃಢೀಕರಣದ ಬಗ್ಗೆ ಕೇಳುತ್ತಿಲ್ಲ ಅನ್ನಿಸುತ್ತದೆ. ಅಪ್ಪ ಅಮ್ಮನಿಗೆ ಇದೆಲ್ಲ ನಿಜವಾ ಅಂತ ಕೇಳುತ್ತಿದ್ದಾನೆ. ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ ನೋಡಿ. ಸಂಬಳದಲ್ಲಿ ಚರ್ಚ್ ತೆರಿಗೆ ತಾನಾಗಿ ಕಟ್ ಆಗುತ್ತದೆ. ನಮ್ಮ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಅದು ಆದಾಯ ತೆರಿಗೆಯ 8%. ಕ್ರಿಸ್ಮಸ್‌ಗೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳನ್ನು ಮಾಡುತ್ತೇವೆ. ಈಸ್ಟರ್‌ಗೆ ಒಳ್ಳೆ ಬಟ್ಟೆ ಹಾಕಿ ಆರಾಧನೆಗೆ ಹೋಗುತ್ತೇವೆ. ಭಾನುವಾರ ಬೆಳಿಗ್ಗೆ ಮ್ಯಾಚ್ ಇದ್ದರೆ ಮ್ಯಾಚಿಗೇ ಹೋಗುತ್ತೇವೆ. ಈ ನಂಬಿಕೆಗಾಗಿ ನಾವು ಏನನ್ನಾದರೂ ಬಿಟ್ಟುಕೊಟ್ಟಿದ್ದನ್ನು ಮಕ್ಕಳು ನೋಡಿಯೇ ಇಲ್ಲ. ನಾವೇ ಬೆಲೆ ತೆರದ ನಂಬಿಕೆಯನ್ನು ಅವರು ಯಾಕೆ ಇಟ್ಟುಕೊಳ್ಳಬೇಕು?

ಬೈಬಲಿನ ಪ್ರಕಟನೆ ಪುಸ್ತಕದ 3ನೇ ಅಧ್ಯಾಯದಲ್ಲಿ ಪತ್ರ ಪಡೆದ ಲವೊದಿಕೀಯದ ಕ್ರೈಸ್ತ ಸಭೆ ನೆನಪಿದೆಯಲ್ವಾ? ಈಗಿನ ಟರ್ಕಿಯಲ್ಲಿದ್ದ ಊರು. ಲೇವಾದೇವಿ, ಉಣ್ಣೆ ವ್ಯಾಪಾರ, ಎಲ್ಲದರಲ್ಲೂ ಮುಂದು. ಕ್ರಿ.ಶ. 60ರ ಭೂಕಂಪದಲ್ಲಿ ಊರು ಕುಸಿದಾಗ ರೋಮ್‌ನ ಹಣ ಮುಟ್ಟದೆ ತಾವೇ ಮತ್ತೆ ಕಟ್ಟಿಕೊಂಡರು. ಆ ಸಭೆಯ ಮೇಲೆ ಕೊಲೆ, ಕಳ್ಳತನದ ದೂರಿಲ್ಲ. ನಮಗೇನೂ ಕೊರತೆಯಿಲ್ಲ ಅಂತ ನೆಮ್ಮದಿಯಾಗಿ ಕೂತಿದ್ದರು, ಅಷ್ಟೇ. ಅಷ್ಟಕ್ಕೇ, ನೀವು ಬಿಸಿಯೂ ಅಲ್ಲ ತಣ್ಣಗೂ ಅಲ್ಲ, ಉಗುರುಬೆಚ್ಚಗಿದ್ದೀರಿ, ಬಾಯಿಂದ ಉಗುಳುತ್ತೇನೆ ಅಂತ ಕರ್ತನಿಂದ ಕಠಿಣ ಮಾತು ಕೇಳಿಸಿಕೊಂಡರು. ಒಳ್ಳೆ ಕೆಲಸ, ಸ್ವಂತ ಮನೆ, ಪಿಂಚಣಿ ಎಲ್ಲ ಇರುವ ನಮಗೆ ಆ ಪತ್ರ ಚುಚ್ಚಬೇಕು.

ಹಾಗಂತ ಧೈರ್ಯ ಅಂದರೆ ಗಲಾಟೆ ಅಲ್ಲ. ಈ ಗುಂಪಿನಲ್ಲಿ ಎಲ್ಲ ಧರ್ಮದವರೂ ಇದ್ದೀರಿ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಇನ್ನೊಬ್ಬರ ದೇವರನ್ನು ಹೀಗಳೆಯುವುದರಲ್ಲಿ ಯಾವ ಧೈರ್ಯವೂ ಇಲ್ಲ. ನಾನು ಹೇಳುವ ಧೈರ್ಯ ಬೇರೆ, ಅದಕ್ಕೆ ಇಲ್ಲೇ ಹತ್ತಿರದ ಊರೊಂದರ ಉದಾಹರಣೆ ಇದೆ.

ನಾವಿರುವುದು ಸ್ಟುಟ್‌ಗಾರ್ಟ್ ಹತ್ತಿರದ ಎಸ್ಲಿಂಗೆನ್‌ನಲ್ಲಿ. ಇಲ್ಲಿಂದ ಸ್ವಲ್ಪ ದೂರ ಹೋದರೆ ಓಬರ್‌ಲೆನಿಂಗೆನ್ ಅಂತ ಸಣ್ಣ ಊರು. 1938ರಲ್ಲಿ ಅಲ್ಲಿ ಯೂಲಿಯುಸ್ ಫಾನ್ ಯಾನ್ ಎಂಬ ಪಾದ್ರಿ ಇದ್ದರು. ಹೆಂಡತಿ, ಮಗ ಇದ್ದ ಸಂಸಾರಸ್ಥ. ಆ ವರ್ಷದ ನವೆಂಬರ್ 9ರ ರಾತ್ರಿ ದೇಶದ ತುಂಬ ಯೆಹೂದ್ಯರ ಸಭಾಮಂದಿರಗಳಿಗೆ ಬೆಂಕಿ ಬಿತ್ತು. ಚರ್ಚುಗಳು ಹೆಚ್ಚುಕಡಿಮೆ ಬಾಯಿಮುಚ್ಚಿಕೊಂಡಿದ್ದವು. ಒಂದು ವಾರ ಕಳೆದು, ನವೆಂಬರ್ 16ರ ಪಶ್ಚಾತ್ತಾಪದ ದಿನ, ಈ ಪಾದ್ರಿ ಬೈಬಲಿನ ಪ್ರವಾದಿ ಯೆರೆಮೀಯನ ವಾಕ್ಯ ಓದಿ ಪ್ರಸಂಗ ಮಾಡಿದರು. ಬೇರೆಯವರ ದೇವಾಲಯಗಳನ್ನು ಸುಟ್ಟದ್ದು ಪಾಪ, ಬೇರೆ ಜನಾಂಗದವರು ಅನ್ನುವ ಒಂದೇ ಕಾರಣಕ್ಕೆ ಜನರನ್ನು ಸೆರೆಶಿಬಿರಗಳಿಗೆ ಹಾಕುವುದು ಪಾಪ ಅಂತ ಪೀಠದ ಮೇಲಿಂದ ಹೇಳಿದರು. ಕೆಲವೇ ದಿನಗಳಲ್ಲಿ ನಾಜಿಗಳ ಗುಂಪು ಬಂದು ಅವರನ್ನು ಹಿಗ್ಗಾಮುಗ್ಗಾ ಹೊಡೆಯಿತು. ಜೈಲಿಗೆ ಹಾಕಿದರು. ಮರುವರ್ಷ ಸ್ಟುಟ್‌ಗಾರ್ಟ್‌ನ ವಿಶೇಷ ನ್ಯಾಯಾಲಯ 16 ತಿಂಗಳ ಶಿಕ್ಷೆ ಕೊಟ್ಟಿತು.

ಅವರೊಬ್ಬರೇ ಅಲ್ಲ. ಮಾಕ್ಸ್ ಮತ್ತು ಇನೆಸ್ ಕ್ರಾಕಾವರ್ ಎಂಬ ಯೆಹೂದಿ ದಂಪತಿಯನ್ನು ಯುದ್ಧ ಮುಗಿಯುವ ತನಕ 60ಕ್ಕೂ ಹೆಚ್ಚು ಮನೆಗಳವರು ಬಚ್ಚಿಟ್ಟು ಉಳಿಸಿದರು. ಅವುಗಳಲ್ಲಿ ಬಹಳಷ್ಟು ಇದೇ ಸೀಮೆಯ ಪಾದ್ರಿಗಳ ಮನೆಗಳು. ಅಳೆದು ಕೊಡುತ್ತಿದ್ದ ರೇಷನ್ನಿನಲ್ಲಿ ಇನ್ನಿಬ್ಬರಿಗೆ ಅನ್ನ ಹಾಕಬೇಕು. ಸಿಕ್ಕಿಬಿದ್ದರೆ ಮನೆಯವರಿಗೂ ಆಪತ್ತು.

1945ರ ಅಕ್ಟೋಬರ್‌ನಲ್ಲಿ ಜರ್ಮನಿಯ ಪ್ರೊಟೆಸ್ಟಂಟ್ ಮುಖಂಡರು ಸ್ಟುಟ್‌ಗಾರ್ಟ್‌ನಲ್ಲಿ ಸೇರಿ ನಾಜಿ ಕಾಲದ ಬಗ್ಗೆ ಒಂದು ತಪ್ಪೊಪ್ಪಿಗೆ ಬರೆದರು. ನಾವು ಇನ್ನೂ ಧೈರ್ಯದಿಂದ ಸಾಕ್ಷಿ ಹೇಳಲಿಲ್ಲ, ಇನ್ನೂ ನಿಷ್ಠೆಯಿಂದ ಪ್ರಾರ್ಥಿಸಲಿಲ್ಲ, ಇನ್ನೂ ಸಂತೋಷದಿಂದ ನಂಬಲಿಲ್ಲ, ಇನ್ನೂ ಉರಿಯುವಂತೆ ಪ್ರೀತಿಸಲಿಲ್ಲ ಅಂತ ತಮ್ಮ ಮೇಲೆ ತಾವೇ ದೂರು ಹೊರಿಸಿಕೊಂಡರು. ಸಹಿ ಹಾಕಿದವರಲ್ಲಿ ಪಾದ್ರಿ ಮಾರ್ಟಿನ್ ನೀಮೊಲರ್ ಅವರಂತೆ ನಾಜಿಗಳ ಸೆರೆಶಿಬಿರದಲ್ಲಿ ವರ್ಷಗಟ್ಟಲೆ ಕಳೆದು ಬಂದವರೂ ಇದ್ದರು. ಅವರೇ ಸಾಲದು ಅಂದ ಮೇಲೆ ನಾವು ಯಾವ ಲೆಕ್ಕ? ನಿಮ್ಮ ಮಗನಿಗೆ ಈ ನಾಲ್ಕು ಸಾಲು ಓದಿಸಿ ಅಕ್ಕ. ಶಾಲೆಯಲ್ಲಿ ಆ ಕಾಲದ ಚರಿತ್ರೆ ಹೇಗೂ ಬರುತ್ತದೆ.

ನಮ್ಮೂರಿನ ಕಡೆಯದೂ ಒಂದು ಹೇಳಬೇಕು. ಮೊಟ್ಟಮೊದಲ ಕನ್ನಡ ಪತ್ರಿಕೆ ತಂದ ಹರ್ಮನ್ ಮೊಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಇದೇ ಎಸ್ಲಿಂಗೆನ್‌ನಲ್ಲಿ. ಮಂಗಳೂರಿನ ಬಾಸೆಲ್ ಮಿಷನ್‌ನಲ್ಲಿ ಅವರ ಜೊತೆಗಿದ್ದ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಮಂಗಳೂರಲ್ಲಿ ದೊಡ್ಡ ಗದ್ದಲವೇ ಆಯಿತು. ಮನೆ, ಜಾತಿ, ನೆಂಟರು ಎಲ್ಲ ದೂರವಾದರು. ಅವರು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಬಂದು ಓದಿದರು. ಆಮೇಲೆ ಯುರೋಪಿನಲ್ಲೇ ನೆಲೆಸಲಿಲ್ಲ, 1851ರಲ್ಲಿ ಪಾದ್ರಿಯಾಗಿ ಅದೇ ಮಂಗಳೂರಿಗೆ ವಾಪಸ್ ಹೋದರು. ನಮ್ಮಲ್ಲಿ ಎಷ್ಟೋ ಮನೆತನಗಳ ನಂಬಿಕೆ ಅಂಥ ತಲೆಮಾರಿನಿಂದಲೇ ಬಂದದ್ದು. ಇದನ್ನು ಮಕ್ಕಳಿಗೆ ನಾವು ಹೇಳುವುದೇ ಇಲ್ಲ, ಕುಸ್ವಾರ್ ಮಾಡುವುದನ್ನು ಮಾತ್ರ ಕಲಿಸುತ್ತೇವೆ.

ಇವತ್ತು ನಮ್ಮನ್ನು ಯಾರೂ ಹೊಡೆಯುವುದಿಲ್ಲ. ನಮಗಿರುವುದು ಸಣ್ಣ ಸಂಕೋಚ. ಆಫೀಸಿನ ಕ್ಯಾಂಟೀನಿನಲ್ಲಿ ಊಟಕ್ಕೆ ಮುಂಚೆ ಕಣ್ಣು ಮುಚ್ಚಲು ನಾಚಿಕೆ. ಸಿರಿಯಾದಿಂದ ಬಂದ ಪಕ್ಕದ ಮನೆಯವರ ಬಗ್ಗೆ ಸಹೋದ್ಯೋಗಿ ಕೀಳಾಗಿ ಮಾತಾಡಿದರೆ ಕೇಳಿಸದ ಹಾಗೆ ಇರುತ್ತೇವೆ. ನಾವೂ ಹೊರಗಿನವರು, ಸುಮ್ನೆ ಯಾಕೆ ಅಂತ. ಅಲ್ಲೇ ಬಾಯಿ ಬಿಡಬೇಕು. ಮಕ್ಕಳ ಎದುರಿಗೆ ಬಿಟ್ಟರೆ ಇನ್ನೂ ಒಳ್ಳೆಯದು. ಸಂಡೇ ಸ್ಕೂಲಿನ ಹತ್ತು ಪಾಠಕ್ಕಿಂತ ಅದು ಜಾಸ್ತಿ ನಾಟುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಜೊತೆಗೆ ಮಕ್ಕಳ ಕೈಗೆ ಕೆಲಸ ಕೊಡೋಣ. ಸ್ಟುಟ್‌ಗಾರ್ಟ್‌ನ ಲಿಯೊನ್‌ಹಾರ್ಡ್ ಚರ್ಚಿನಲ್ಲಿ 1995ರಿಂದ ಪ್ರತಿ ಚಳಿಗಾಲ ಏಳು ವಾರ ಫೆಸ್ಪರ್‌ಕಿರ್ಶೆ ಎಂಬ ಊಟದ ಸೇವೆ ನಡೆಯುತ್ತದೆ. ಚರ್ಚಿನ ಒಳಗೇ ಊಟದ ಮೇಜು ಹಾಕುತ್ತಾರೆ. ಮನೆಯಿಲ್ಲದವರು, ಪಿಂಚಣಿ ಸಾಲದ ಮುದುಕರು, ಕುಡಿತಕ್ಕೆ ಬಿದ್ದವರು ಎಲ್ಲರೂ ಒಂದೇ ಮೇಜಿನಲ್ಲಿ ಕೂತು ಬಿಸಿ ಊಟ ಮಾಡುತ್ತಾರೆ. ವೈದ್ಯರು ಬರುತ್ತಾರೆ, ಕೂದಲು ಕತ್ತರಿಸುವವರೂ ಬರುತ್ತಾರೆ. ಬಡಿಸುವುದು, ತೊಳೆಯುವುದು ಎಲ್ಲದಕ್ಕೂ ಸ್ವಯಂಸೇವಕರು ಬೇಕು.

ಅಕ್ಕ, ಸದ್ಯಕ್ಕೆ ದೃಢೀಕರಣದ ಮಾತು ಬದಿಗಿಡಿ. ಬರುವ ಚಳಿಗಾಲ ಅಲ್ಲಿಗೆ ಬರುತ್ತಾನಾ ಅಂತ ಕೇಳಿ ನೋಡಿ. ನೀವೂ ಭಾವನೂ ಜೊತೆಗೆ ಬರಬೇಕು, ಅವನನ್ನು ಒಬ್ಬನೇ ಕಳಿಸಬೇಡಿ. ನಮ್ಮ ಮಗಳೂ ಬರುತ್ತಾಳೆ. ಆ ವಯಸ್ಸಿನವರಿಗೆ ಯಾವ ಕೆಲಸ ಕೊಡುತ್ತಾರೆ ಅಂತ ನಾನು ಚರ್ಚಿಗೆ ಫೋನ್ ಮಾಡಿ ಕೇಳುತ್ತೇನೆ. ಬೇರೆ ಯಾರು ಬರುತ್ತೀರಿ, ಇಲ್ಲೇ ಕೆಳಗೆ ಬರೆಯಿರಿ. ಯಾವ ಧರ್ಮದವರಾದರೂ ಬನ್ನಿ.