ಸಾರಿಯಾದಿಂದ ಸಾಂತಿಯಾಗೊವರೆಗೆ ತಾಯಿಯವರೊಂದಿಗೆ ನಡೆಯಲು ಐದು ದಿನ ಸಾಕೇ?

ಪ್ರಶ್ನೆ:
ಸ್ಪೇನ್‌ನ ಗಲೀಸಿಯಾದಲ್ಲಿ ಸಾರಿಯಾದಿಂದ ಸಾಂತಿಯಾಗೊ ದೆ ಕಾಂಪೊಸ್ಟೆಲಾವರೆಗಿನ ಸುಮಾರು 115 ಕಿಲೋಮೀಟರ್ ಯಾತ್ರಾ ಹಾದಿಯನ್ನು ತಾಯಿಯವರೊಂದಿಗೆ ನಡೆಯಬೇಕೆಂದಿದ್ದೇನೆ. ಅವರಿಗೆ 64 ವರ್ಷ. ನಡಿಗೆಯ ರೂಢಿಯಿದೆ, ಆದರೆ ಇಳಿಜಾರಿನಲ್ಲಿ ಮಂಡಿ ನೋಯುತ್ತದೆ. ಹೆಚ್ಚಿನವರು ಐದು ದಿನಗಳಲ್ಲಿ ಮುಗಿಸುತ್ತಾರಂತೆ. ನಮಗೆ ಅದು ಸಾಧ್ಯವೇ? ಯಾತ್ರೆಯ ಪ್ರಮಾಣಪತ್ರಕ್ಕೆ ಏನು ಮಾಡಬೇಕು?

ಉತ್ತರ 1:
ದಯವಿಟ್ಟು ಐದು ದಿನಕ್ಕೆ ಒಪ್ಪಿಕೊಳ್ಳಬೇಡಿ. ಬೆಟ್ಟಗಳು ಎತ್ತರದವಲ್ಲ ಎಂಬುದು ನಿಜ, ಆದರೆ ಐದು ದಿನದ ಲೆಕ್ಕದಲ್ಲಿ ಪಾಲಾಸ್ ದೆ ರೇಯಿಂದ ಅರ್ಸೂವಾಗೆ ಒಂದೇ ದಿನ ಸುಮಾರು 29 ಕಿಲೋಮೀಟರ್ ನಡೆಯಬೇಕಾಗುತ್ತದೆ, ಅದೂ ಹಳ್ಳಗಳಿಗೆ ಇಳಿದು ಮತ್ತೆ ಏರುತ್ತಾ. ನಡುವೆ ಮೆಲಿದೆಯಲ್ಲಿ ತಂಗಿದರೆ ಅದು 15 ಮತ್ತು 14 ಕಿಲೋಮೀಟರ್‌ಗಳಾಗಿ ಹಗುರವಾಗುತ್ತದೆ. ಮಂಡಿಯನ್ನು ನಿಜಕ್ಕೂ ಕಾಡುವುದು ಮೊದಲ ದಿನದ ಕೊನೆಯಲ್ಲಿ ಪೋರ್ತೊಮರೀನ್‌ಗೆ ಮುಂಚೆ ಬರುವ ಕಡಿದಾದ ಇಳಿಜಾರು, ಆದ್ದರಿಂದ ಊರುಗೋಲು ಇರಲಿ.

ಆ ಊರಿಗೆ ಮಧ್ಯಾಹ್ನವೇ ತಲುಪಿರಿ. 1960ರ ದಶಕದಲ್ಲಿ ಬೆಲೆಸಾರ್ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಊರು ಮುಳುಗಿದಾಗ ಅಲ್ಲಿನ ಚರ್ಚನ್ನು ಕಲ್ಲುಕಲ್ಲಾಗಿ ಬಿಚ್ಚಿ ಮೇಲೆ ತಂದು ಮತ್ತೆ ಕಟ್ಟಿದರು. ಗುರುತಿಗೆಂದು ಹಾಕಿದ ಸಂಖ್ಯೆಗಳು ಕೆಲವು ಕಲ್ಲುಗಳ ಮೇಲೆ ಈಗಲೂ ಕಾಣುತ್ತವೆ. ಗೋಡೆಯ ಹತ್ತಿರ ನಿಂತು ಅವನ್ನು ಬೆರಳಿನಿಂದ ಮುಟ್ಟಿ ನೋಡಿದ ಆ ಹೊತ್ತನ್ನು ನಾನು ಮರೆತಿಲ್ಲ.

ಉತ್ತರ 2:
ಪ್ರಮಾಣಪತ್ರದ ಬಗ್ಗೆ: ಕ್ರೆದೆನ್ಸಿಯಾಲ್ ಎಂಬ ಯಾತ್ರಿಕರ ಪುಸ್ತಿಕೆಯನ್ನು ಪಡೆದು, ಕನಿಷ್ಠ 100 ಕಿಲೋಮೀಟರ್ ನಡೆದು, ದಿನಕ್ಕೆ ಎರಡು ಮುದ್ರೆಗಳನ್ನು ಹಾಕಿಸಿಕೊಳ್ಳಬೇಕು. ಚರ್ಚು, ವಸತಿಗೃಹ, ಕಾಫಿ ಅಂಗಡಿಗಳಲ್ಲಿ ಮುದ್ರೆ ಸಿಗುತ್ತದೆ. ಚೀಲವನ್ನು ಮುಂದಿನ ತಂಗುದಾಣಕ್ಕೆ ವಾಹನದಲ್ಲಿ ಕಳುಹಿಸಿದರೂ ಅಡ್ಡಿಯಿಲ್ಲ, ತಾಯಿಯವರ ಬೆನ್ನಿನ ಭಾರವನ್ನು ಖಂಡಿತ ಇಳಿಸಿರಿ. ಸರ್ಕಾರಿ ತಂಗುದಾಣಗಳಲ್ಲಿ ಮುಂಗಡ ಕಾಯ್ದಿರಿಸುವಿಕೆ ಇಲ್ಲದ ಕಾರಣ ನಿಮಗೆ ಖಾಸಗಿ ಕೊಠಡಿಗಳೇ ಸೂಕ್ತ.

ಉತ್ತರ 3:
ನಾನು ಏಳು ದಿನ ಎನ್ನುತ್ತೇನೆ. ಪೋರ್ತೊಮರೀನ್‌ನಿಂದ ಪಾಲಾಸ್‌ಗೆ ಸುಮಾರು 25 ಕಿಲೋಮೀಟರ್ ಇದ್ದು, ಅದರ ಮೊದಲರ್ಧ ಬಹುತೇಕ ಏರುದಾರಿಯೇ. ನನ್ನ ತಂದೆಯವರು ಅಲ್ಲಿಯೇ ಬಳಲಿದರು. ಸುಮಾರು 13 ಕಿಲೋಮೀಟರ್‌ನಲ್ಲಿ ಸಿಗುವ ವೆಂತಾಸ್ ದೆ ನರೋನ್‌ನಲ್ಲಿ ನಾವು ತಂಗಿದ್ದರೆ ಮರುದಿನದ ಓಕ್ ಮರಗಳ ನೆರಳನ್ನೂ ಧಾನ್ಯದ ಕಣಜಗಳ ಸಾಲನ್ನೂ ಅವರು ನಿಂತು ನೋಡುತ್ತಿದ್ದರು. ದಾರಿ ತಪ್ಪುವ ಭಯ ಬೇಡ: ಎಲಿಯಾಸ್ ವಲೀಞಾ ಎಂಬ ಪಾದ್ರಿ 1980ರ ದಶಕದಲ್ಲಿ ಬಳಿಯಲಾರಂಭಿಸಿದ ಹಳದಿ ಬಾಣಗಳು ಇಂದು ತಿರುವುತಿರುವಿಗೂ ಇವೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಏಳು ದಿನವೆಂದು ನಿರ್ಧರಿಸಿದೆವು. ಕಲ್ಲಿನ ಮೇಲಿನ ಸಂಖ್ಯೆಗಳ ವಿಷಯ ಓದಿ ಹೇಳಿದಾಗ, ಮೊದಲ ದಿನ ಬೆಳಗ್ಗೆ ಬೇಗನೆ ಹೊರಡೋಣವೆಂದು ತಾಯಿಯವರೇ ಹೇಳಿದರು.