ಸೆಲ್ಲಿನ ಪತ್ತಿಗೆ ಹಿಡಿಯುವುದು ತುಕ್ಕೋ, ಕಿಲುಬೋ, ಸವಳೋ?

ಪ್ರಶ್ನೆ: ಹಳೆಯ ಪಾಕೆಟ್ ಕ್ಯಾಲ್ಕುಲೇಟರುಗಳ ದುರಸ್ತಿ ಬಗ್ಗೆ ಕನ್ನಡದಲ್ಲಿ ಬರೆಯಬೇಕಾಗಿದೆ. ಸೆಲ್ಲು ಸೋರಿದಾಗ ಪತ್ತಿ (ಸೆಲ್ಲಿನ ತುದಿಗೆ ತಾಗುವ ಲೋಹದ ಪಟ್ಟಿ), ಸ್ಪ್ರಿಂಗುಗಳ ಮೇಲೆ ಕಟ್ಟುವ ಪದರಕ್ಕೆ ಯಾವ ಪದ ಸರಿ? ರಾಯಚೂರು ಕಡೆ ಎಲ್ಲಕ್ಕೂ ‘ಜಂಗು’, ‘ತುಕ್ಕು’ ಅನ್ನುತ್ತಾರೆ. ‘ಆಸಿಡ್ ಸೋರೈತಿ’ ಅನ್ನುವುದೂ ಉಂಟು.

ಉತ್ತರ: ಎಲ್ಲಕ್ಕೂ ಒಂದೇ ಪದ ಬಳಸಿದರೆ ಕೆಲಸ ಕೆಡುತ್ತದೆ. ಅಲ್ಲಿ ಕಟ್ಟುವ ಪದಾರ್ಥ ಮೂರು ಬಗೆ, ಮೂರಕ್ಕೂ ಮದ್ದು ಬೇರೆ ಬೇರೆ. ಮೂರಕ್ಕೂ ನಮ್ಮಲ್ಲಿ ಹೆಸರಿದೆ.

ಮೊದಲು ‘ಆಸಿಡ್’ ಎಂಬ ಮಾತು ಬಿಡಬೇಕು. ಆಲ್ಕಲೈನ್ ಸೆಲ್ಲಿನಲ್ಲೂ ನಿಕ್ಕಲ್-ಕ್ಯಾಡ್ಮಿಯಂ ಸೆಲ್ಲಿನಲ್ಲೂ ಇರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಆಸಿಡ್ ಎಂದು ನಂಬಿದವರು ಅಡುಗೆ ಸೋಡಾ ಹಚ್ಚಿ ತಿಕ್ಕುತ್ತಾರೆ. ಸೋಡಾವೂ ಕ್ಷಾರೀಯವೇ, ಹಾಗಾಗಿ ಏನೂ ಪ್ರಯೋಜನವಿಲ್ಲ. ಸೋಡಾ ಬೇಕಾಗುವುದು ಜಿಂಕ್-ಕಾರ್ಬನ್ ಟಾರ್ಚ್ ಸೆಲ್ಲು ಸೋರಿದಾಗ; ಅದರೊಳಗಿನ ಜಿಂಕ್ ಕ್ಲೋರೈಡ್, ಅಮೋನಿಯಂ ಕ್ಲೋರೈಡ್ ದ್ರಾವಣ ತುಸು ಆಮ್ಲೀಯ. ‘ಸೆಲ್ಲು ನೀರು ಬಿಟ್ಟೈತಿ’ ಎಂದರೆ ಎರಡಕ್ಕೂ ಸಲ್ಲುತ್ತದೆ, ಯಾರನ್ನೂ ದಾರಿ ತಪ್ಪಿಸುವುದಿಲ್ಲ.

ಆಲ್ಕಲೈನ್ ಸೆಲ್ಲು ಬಿಟ್ಟ ನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಪೊಟ್ಯಾಸಿಯಂ ಕಾರ್ಬೊನೇಟ್ ಆಗುತ್ತದೆ. ಪತ್ತಿಯ ಮೇಲಿನ ಬಿಳಿ ಹಕ್ಕಳೆ ಇದೇ. ಇದಕ್ಕೆ ‘ಸವಳು’ ಎಂಬುದಕ್ಕಿಂತ ಒಳ್ಳೆಯ ಪದ ನನಗೆ ಕಾಣುವುದಿಲ್ಲ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಾಲುವೆ ನೀರಾವರಿ ಗದ್ದೆಗಳಲ್ಲಿ ನೀರು ಬಸಿಯದೆ ಆವಿಯಾದಾಗ ಉಪ್ಪು ಮೇಲೆದ್ದು ಬೆಳ್ಳಗೆ ನಿಲ್ಲುತ್ತದಲ್ಲ, ಪತ್ತಿಯ ಮೇಲೂ ಆಗಿರುವುದು ಅದೇ. ‘ಕ್ಷಾರ’ ಎಂದರೆ ಸಾಲದೇ ಎಂದು ಕೇಳಬಹುದು. ಕ್ಷಾರ ಎಂದರೆ ಸೋರುವ ದ್ರವ. ಒಣಗಿ ಕಟ್ಟಿದ್ದು ಸವಳು. ಎರಡನ್ನೂ ಹೇಳಬೇಕಾದ ಸಂದರ್ಭ ಬರುತ್ತದೆ.

ಸವಳು ಕಟ್ಟಿದ್ದರೆ ಮೊದಲು ಒಣ ಹಲ್ಲುಜ್ಜುವ ಬ್ರಷ್ಷಿನಿಂದ ಉದುರಿಸಿ. ಬಾಯಿಂದ ಊದಬೇಡಿ, ಕಣ್ಣಿಗೆ ಬಿದ್ದರೆ ಸುಡುತ್ತದೆ. ಆಮೇಲೆ ಹತ್ತಿ ಕಡ್ಡಿಯನ್ನು ಬಿಳಿ ವಿನೆಗರ್‌ನಲ್ಲಿ ಅಥವಾ ಸೋಸಿದ ನಿಂಬೆರಸದಲ್ಲಿ ಅದ್ದಿ ಒತ್ತಿ. ಸಣ್ಣಗೆ ನೊರೆ ಏಳುತ್ತದೆ. ನೊರೆ ನಿಲ್ಲುವವರೆಗೆ ಕಡ್ಡಿ ಬದಲಿಸುತ್ತಾ ಹೋಗಿ. ಕೊನೆಗೆ ಡಿಸ್ಟಿಲ್ಡ್ ವಾಟರ್, ಅದರ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್. ಬೋರ್‌ವೆಲ್ ನೀರು ಮಾತ್ರ ಬೇಡ. ಅದು ಒಣಗಿದರೆ ತನ್ನದೇ ಉಪ್ಪು ಬಿಟ್ಟುಹೋಗುತ್ತದೆ.

ಹಸಿರು ಕಂಡರೆ ಅದು ಕಿಲುಬು. ಹಿತ್ತಾಳೆ ಪಾತ್ರೆಗೆ ಹಿಡಿಯುವುದಕ್ಕೆ ಹೇಳುವ ಪದವೇ ಇಲ್ಲಿಗೂ ಸರಿ, ಎರಡೂ ಕಡೆ ಕೆಡುವುದು ತಾಮ್ರವೇ. ವಿನೆಗರ್‌ಗೆ ಇದೂ ಕರಗುತ್ತದೆ. ಆದರೆ ಕಿಲುಬು ತಂತಿಯ ಪ್ಲಾಸ್ಟಿಕ್ ಹೊದಿಕೆಯೊಳಗೆ ಹರಿದಿರುತ್ತದೆ. ಕಪ್ಪಾದ ಎಳೆಗೆ ಸಾಲ್ಡರ್ (ಬೆಸುಗೆ ಲೋಹ) ಹತ್ತುವುದಿಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಇಲ್ಲವೇ ತಂತಿಯನ್ನೇ ಬದಲಿಸಿ.

ತುಕ್ಕು ಎಂದರೆ ಕಬ್ಬಿಣದ್ದು, ಕೆಂಗಂದು ಬಣ್ಣ. ಸ್ಪ್ರಿಂಗಿನ ನಿಕ್ಕಲ್ ಲೇಪ ಹೋಗಿ ಒಳಗಿನ ಉಕ್ಕು ಬಯಲಾಗಿದೆ ಎಂದು ಅರ್ಥ. ಉಜ್ಜಿದರೆ ಕೆಲವು ದಿನ ಹೊಳೆಯುತ್ತದೆ, ಮತ್ತೆ ಹಿಡಿಯುತ್ತದೆ. ಬದಲಿಸುವುದೊಂದೇ ದಾರಿ. 0.2ರಿಂದ 0.3 ಮಿ.ಮೀ. ದಪ್ಪದ ಫಾಸ್ಫರ್ ಬ್ರಾಂಜ್ (ತಾಮ್ರದ ಮಿಶ್ರಲೋಹ) ತಗಡು ಕತ್ತರಿಸಿ ಪತ್ತಿ ಮಾಡಬಹುದು. ಕೆಟ್ಟ ರಿಮೋಟಿನ ಸ್ಪ್ರಿಂಗೂ ಆದೀತು. ಬೆಸುಗೆ ಹಾಕುವ ಜಾಗವನ್ನು 400 ನಂಬರಿನ ಉಜ್ಜುಕಾಗದದಿಂದ ಕೆರೆದು, ಸಾಲ್ಡರ್ ಹತ್ತಲು ಫ್ಲಕ್ಸ್ ಹಚ್ಚಿ, 25 ವ್ಯಾಟಿನ ಐರನ್ನಿನಿಂದ ಮೊದಲು ತೆಳುವಾಗಿ ಸಾಲ್ಡರ್ ಬಳಿಯಿರಿ. ತಂತಿ ಬೆಸೆಯುವುದು ಸೆಲ್ಲಿನ ಪೆಟ್ಟಿಗೆಯ ಹೊರಗೇ ಆಗಬೇಕು, ಆಮೇಲೆ ಪತ್ತಿಯನ್ನು ಅದರ ಸೀಳಿಗೆ ತೂರಿಸಬೇಕು. ಒಳಗಿಟ್ಟು ಬೆಸೆದರೆ ಪ್ಲಾಸ್ಟಿಕ್ ಗೂಟ ಕರಗಿ ಪತ್ತಿ ನಿಲ್ಲುವುದೇ ಇಲ್ಲ.

‘ಲೂಸ್ ಕಾಂಟ್ಯಾಕ್ಟ್’ ಬೇರೆಯೇ ದೋಷ. ಪತ್ತಿ ಸ್ವಚ್ಛವಾಗಿಯೇ ಇರುತ್ತದೆ, ಬಿಗಿ ಹೋಗಿರುತ್ತದೆ. ಕ್ಯಾಲ್ಕುಲೇಟರ್ ಚಾಲೂ ಇಟ್ಟು, ವೋಲ್ಟ್ ಅಳೆಯಲು ಹೊಂದಿಸಿದ ಮಲ್ಟಿಮೀಟರಿನ ಒಂದು ಮೊನೆ ಸೆಲ್ಲಿನ ತುದಿಗೆ, ಇನ್ನೊಂದು ಪತ್ತಿಯ ತಂತಿಗೆ ತಾಗಿಸಿ. ಎಲ್‌ಇಡಿ ಅಂಕಿಯ ಯಂತ್ರ 100 ಮಿಲಿಆಂಪಿಯರ್ ಎಳೆಯುತ್ತಿದ್ದು ಅಲ್ಲಿ 2 ಓಮ್ ತಡೆ ಇದ್ದರೆ 200 ಮಿಲಿವೋಲ್ಟ್ ಅಲ್ಲೇ ನಷ್ಟ. ಎರಡು ನಿಕ್ಕಲ್ ಸೆಲ್ಲಿನ 2.4 ವೋಲ್ಟಿನಲ್ಲಿ ಅದು ಸಣ್ಣದಲ್ಲ. ಎಲ್‌ಸಿಡಿ ಯಂತ್ರಕ್ಕೆ ಬೇಕಾದ ಕರೆಂಟು ತೀರಾ ಕಡಿಮೆ, ಆದ್ದರಿಂದ ಅಷ್ಟೇ ತಡೆ ಇದ್ದರೂ ನಡೆದುಬಿಡುತ್ತದೆ.

1975ರ ಎಚ್‌ಪಿ-21, ಎಚ್‌ಪಿ-25 ಕ್ಯಾಲ್ಕುಲೇಟರ್ ಕೈಗೆ ಬಂದರೆ ಪತ್ತಿ ಸರಿಯಾಗುವ ಮುನ್ನ ಚಾರ್ಜರ್ ಸಿಕ್ಕಿಸಲೇಬೇಡಿ. ಚಾರ್ಜರಿನ ವೋಲ್ಟೇಜನ್ನು ಹಿಡಿದಿಡುವುದು ಸೆಲ್ಲು. ಪತ್ತಿ ತಾಗದಿದ್ದರೆ ಏರಿದ ವೋಲ್ಟೇಜು ನೇರ ಚಿಪ್ಪಿಗೆ ಹೋಗಿ ಸುಡುತ್ತದೆ.

ಪತ್ತಿಗೆ ‘ಸಂಪರ್ಕ ಫಲಕ’ ಎಂದು ಬರೆಯುವ ಅಗತ್ಯ ಕಾಣೆ, ಪತ್ತಿಯೇ ಇರಲಿ. ಆದರೆ ಪತ್ತಿಯ ಬಿಗಿ ಹೋಗುವುದಕ್ಕೆ ಒಂದೇ ಮಾತಿನ ಕ್ರಿಯಾಪದ ಬೇಕಾಗಿದೆ. ಕೊಪ್ಪಳ, ಬಳ್ಳಾರಿ ಕಡೆಯ ಗಡಿಯಾರ, ರೇಡಿಯೊ ರಿಪೇರಿಯವರಲ್ಲಿ ಅಂಥದ್ದು ಬಳಕೆಯಲ್ಲಿದ್ದರೆ ವಾಕ್ಯದ ಸಮೇತ ಬರೆಯಿರಿ.