‘ಆಲಿಕೆ ವರ್ಧಕ’ ಎನ್ನಬಹುದೇ? ‘ಕದ್ದಾಲಿಕೆ ಯಂತ್ರ’ ಎನ್ನುವುದು ಏಕೆ ಸಲ್ಲದು?

ಮಾನ್ಯರೇ,

ಸಣ್ಣ ವಿದ್ಯುನ್ಮಾನ ಉಪಕರಣವೊಂದನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು ಎಂಬ ಪ್ರಶ್ನೆಯನ್ನು ತಮ್ಮ ಮುಂದಿಡುತ್ತಿದ್ದೇನೆ. ಮೈಕಿನಿಂದಲೋ ತಂತಿಯ ಸುರುಳಿಯಿಂದಲೋ ಬರುವ ತೀರ ಕ್ಷೀಣವಾದ ಸಂಕೇತವನ್ನು ಹೆಚ್ಚಿಸಿ ಇಯರ್‌ಫೋನಿನಲ್ಲಿ ಕೇಳಿಸುವ, 9 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಆಂಪ್ಲಿಫೈಯರ್ ಅದು. ಕೊಡಗಿನ ಗೋಣಿಕೊಪ್ಪಲು, ಪೊನ್ನಂಪೇಟೆಯ ಸುತ್ತಿನ ಯುವಕ ಯುವತಿಯರಿಗಾಗಿ ಅದನ್ನು ಕಟ್ಟುವ ಬಗೆಯನ್ನು ತಿಳಿಸುವ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಒಳಗಿನ ಪುಟಗಳು ಬಹುಪಾಲು ಸಿದ್ಧವಾಗಿವೆ. ಮುಖಪುಟದ ಹೆಸರು ಮಾತ್ರ ಇನ್ನೂ ನಿಂತಿಲ್ಲ. ಕರಡನ್ನು ಓದಿದವರಲ್ಲಿ ಹೆಚ್ಚಿನವರು ಯಾವ ಹಿಂಜರಿಕೆಯೂ ಇಲ್ಲದೆ ಅದನ್ನು ‘ಕದ್ದಾಲಿಕೆ ಯಂತ್ರ’ ಎಂದರು. ಆ ಹೆಸರು ನನಗೆ ಒಪ್ಪಿಗೆಯಾಗುತ್ತಿಲ್ಲ.

ಕೈಪಿಡಿಯ ಹಿನ್ನೆಲೆಯನ್ನು ಹೇಳದೆ ಪದದ ತೂಕ ತಿಳಿಯದು. ಕಾಫಿ, ಕರಿಮೆಣಸಿನ ಕಳವನ್ನು ತಡೆಯಲೆಂದು ನಮ್ಮ ಕಡೆ ತೋಟದ ಕಣಗಳಲ್ಲಿ, ಗೋದಾಮಿನ ಬಾಗಿಲುಗಳಲ್ಲಿ, ಕೆಲವೆಡೆ ಕೆಲಸಗಾರರು ವಾಸಿಸುವ ಲೈನ್‌ಮನೆಗಳಿಗೆ ಹೋಗುವ ದಾರಿಯಲ್ಲಿಯೂ ಸಿಸಿಟಿವಿ ಕ್ಯಾಮೆರಾಗಳು ಬಂದಿವೆ. ಕೆಲಸಗಾರರ ಪ್ರಶ್ನೆ ಒಂದೇ: ‘ಅದು ನೋಡುವುದು ಗೊತ್ತುಂಟು, ಕೇಳುವುದೂ ಉಂಟಾ?’ ಈ ಪ್ರಶ್ನೆ ಬರಿಯ ಗುಮಾನಿಯಲ್ಲ. ಇಂದು ಮಾರಾಟದಲ್ಲಿರುವ ಅನೇಕ ಕ್ಯಾಮೆರಾಗಳಲ್ಲಿ ಮೈಕ್ ಸೇರಿಕೊಂಡೇ ಇರುತ್ತದೆ. ಅಂಥ ಮೈಕ್ ಎಷ್ಟು ದೂರದ ಮಾತನ್ನು ಹಿಡಿಯುತ್ತದೆ ಎಂಬುದನ್ನು ತಾವೇ ಕಟ್ಟಿ, ಕೇಳಿ ತಿಳಿಯಲೆಂದೇ ಈ ಕೈಪಿಡಿ. ಆದರೆ ನಾವು ಪತ್ರಿಕೆಗಳಲ್ಲಿ, ಗೋಡೆಯ ಮೇಲಿನ ಫಲಕಗಳಲ್ಲಿ ಬಳಸುವ ‘ಕಣ್ಗಾವಲು’ ಎಂಬ ಪದ ಕಣ್ಣನ್ನಷ್ಟೇ ಹೇಳುತ್ತದೆ, ಅದರ ಜೊತೆಗೆ ‘ಕಾವಲು’ ಎಂಬ ರಕ್ಷಣೆಯ ಅರ್ಥವನ್ನೂ ಹೊದಿಸುತ್ತದೆ. ‘ಸಿಸಿಟಿವಿ ಕಣ್ಗಾವಲಿನಲ್ಲಿದೆ’ ಎಂಬ ಫಲಕವನ್ನು ಓದಿದ ಕೆಲಸಗಾರನಿಗೆ ತನ್ನ ಮಾತೂ ದಾಖಲಾಗಬಹುದೆಂಬ ಸೂಚನೆ ಅದರಲ್ಲಿ ಎಲ್ಲಿಯೂ ಸಿಗುವುದಿಲ್ಲ. ಅದೇ ಸಂಧಿಯ ಮಾದರಿಯಲ್ಲಿ ‘ಕಿವಿಗಾವಲು’ ಎಂದು ಕಟ್ಟಿ ನೋಡಿದೆ. ವ್ಯಾಕರಣಕ್ಕೆ ಅಡ್ಡಿಯಿಲ್ಲ, ಆದರೆ ಅಲ್ಲಿಯೂ ‘ಕಾವಲು’ ಬಂದು ಕುಳಿತುಕೊಳ್ಳುತ್ತದೆ. ‘ನಿಗಾ’ ಎಂದರೆ ಆರೈಕೆಯ ಅರ್ಥವೂ ಬೆರೆಯುತ್ತದೆ. ಆಸ್ಪತ್ರೆಯ ‘ತೀವ್ರ ನಿಗಾ ಘಟಕ’ ಅದಕ್ಕೆ ಸಾಕ್ಷಿ.

ಇನ್ನು ‘ಕದ್ದಾಲಿಕೆ’. ಕದ್ದು ಮತ್ತು ಆಲಿಕೆ ಸೇರಿ ಲೋಪಸಂಧಿಯಿಂದಾದ ಈ ಪದ ಬಹಳ ಒಳ್ಳೆಯ ಪದವೆಂದೇ ನನ್ನ ಅಭಿಪ್ರಾಯ, ಏಕೆಂದರೆ ತಪ್ಪು ಎಲ್ಲಿದೆ ಎಂಬುದನ್ನು ಅದು ತನ್ನ ಮೊದಲ ಭಾಗದಲ್ಲೇ ಹೇಳಿಬಿಡುತ್ತದೆ. ಕರ್ನಾಟಕದ ರಾಜಕೀಯದಲ್ಲಿ ಅದಕ್ಕೆ ಗಟ್ಟಿಯಾದ ಚರಿತ್ರೆಯೂ ಇದೆ: 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟದ್ದು ದೂರವಾಣಿ ಕದ್ದಾಲಿಕೆಯ ಆರೋಪದ ಹಿನ್ನೆಲೆಯಲ್ಲಿ, 2019ರಲ್ಲಿ ಅಂಥದೇ ಮತ್ತೊಂದು ಆರೋಪದ ತನಿಖೆಯನ್ನು ರಾಜ್ಯ ಸರ್ಕಾರ ಸಿಬಿಐಗೆ ಒಪ್ಪಿಸಿತು. ಆಗ ಜಾರಿಯಲ್ಲಿದ್ದ 1885ರ ಟೆಲಿಗ್ರಾಫ್ ಕಾಯ್ದೆಯ 5(2)ನೆಯ ವಿಧಿಯಡಿ ಸರ್ಕಾರ ಫೋನ್ ಮಾತುಕತೆಯನ್ನು ಆಲಿಸುವಾಗ ಪಾಲಿಸಬೇಕಾದ ಕಟ್ಟುಪಾಡುಗಳನ್ನು ಸುಪ್ರೀಂ ಕೋರ್ಟ್ 1996ರಲ್ಲಿ ಪಿಯುಸಿಎಲ್ (ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ) ಮೊಕದ್ದಮೆಯ ತೀರ್ಪಿನಲ್ಲಿ ವಿಧಿಸಿತು. ಹೀಗಾಗಿ ‘ಕದ್ದಾಲಿಕೆ’ ಎಂಬುದು ಒಂದು ಕೃತ್ಯದ ಹೆಸರು, ಅದೂ ಅನುಮತಿಯಿಲ್ಲದ ಕೃತ್ಯದ ಹೆಸರು. ಅದನ್ನು ಉಪಕರಣಕ್ಕೆ ಅಂಟಿಸಿದರೆ, ಹದಿನಾರು ಹದಿನೇಳರ ಹುಡುಗಿ ಬೆಸುಗೆ ಹಾಕಿ ಕಟ್ಟಿದ ವಸ್ತು ಅವಳು ಅದರಿಂದ ಏನು ಮಾಡುವ ಮೊದಲೇ ಅಪರಾಧದ ಸಾಧನವಾಗುತ್ತದೆ. ಕದಿಯುವುದು ಕಿವಿಯಲ್ಲ, ಕೇಳುವ ಮನುಷ್ಯ.

ಹಾಗಾದರೆ ಏನೆನ್ನಬೇಕು? ‘ಧ್ವನಿವರ್ಧಕ’ ಎಂಬುದು ಅಕ್ಷರಾರ್ಥದಲ್ಲಿ ಹೊಂದಿಕೊಳ್ಳಬೇಕಿತ್ತು. ಆದರೆ ಬಳಕೆ ಅದನ್ನು ಎಂದೋ ಲೌಡ್‌ಸ್ಪೀಕರಿಗೆ ಒಪ್ಪಿಸಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ನಿಷೇಧ ಎಂದು ಓದಿ ಅಭ್ಯಾಸವಾದವರು ಇಯರ್‌ಫೋನಿನ ಉಪಕರಣಕ್ಕೆ ಅದೇ ಹೆಸರು ಕಂಡರೆ ಗೊಂದಲಕ್ಕೆ ಬೀಳುತ್ತಾರೆ. ‘ಶ್ರವಣ ಸಾಧನ’ ಕಿವಿ ಮಂದವಾದವರು ಧರಿಸುವ ಯಂತ್ರಕ್ಕೆ ಸಲ್ಲುತ್ತದೆ. ಆದ್ದರಿಂದ ‘ಆಲಿಕೆ ವರ್ಧಕ’ ಎಂಬ ಜೋಡಿಯನ್ನು ಆರಿಸಿಕೊಂಡಿದ್ದೇನೆ. ಇದಕ್ಕೆ ಬಂದ ಒಂದು ಆಕ್ಷೇಪ ಯೋಚಿಸುವಂಥದು: ವರ್ಧಿಸುವುದು ಸಂಕೇತವನ್ನೇ ಹೊರತು ಆಲಿಕೆಯನ್ನಲ್ಲ. ಇದು ನಿಜ. ಆದರೂ ಆಲಿಕೆಗಾಗಿ ಇರುವ ವರ್ಧಕ ಎಂದು ಚತುರ್ಥಿಯ ಅರ್ಥದಲ್ಲಿ ಸಮಾಸವನ್ನು ಬಿಡಿಸಿಕೊಂಡರೆ ದೋಷ ಉಳಿಯದೆಂದು ನನಗೆ ತೋರುತ್ತದೆ.

ಬಿಡಿಭಾಗಗಳ ಹೆಸರಿನಲ್ಲಿ ನನಗೆ ಹೆಚ್ಚು ಚಿಂತೆಯಿಲ್ಲ. ಅಂಗಡಿಯಲ್ಲಿ ಕೇಳಿ ಕೊಳ್ಳಬೇಕಾದ್ದರಿಂದ ಐಸಿ (ಇಡೀ ಮಂಡಲವನ್ನು ಅಡಗಿಸಿಕೊಂಡ ಚಿಪ್), ಕೆಪಾಸಿಟರ್, ರೆಸಿಸ್ಟರ್ ಎಂದೇ ಬರೆದಿದ್ದೇನೆ. ಎಲ್‌ಎಂ386 ಎಂಬ ಎಂಟು ಕಾಲಿನ ಐಸಿ ಈ ವರ್ಧಕದ ಹೃದಯ. ಹಾಗೆಯೇ ಜೋಡಿಸಿದರೆ ಸಂಕೇತವನ್ನು 20 ಪಟ್ಟು ಹೆಚ್ಚಿಸುತ್ತದೆ, 1 ಮತ್ತು 8ನೆಯ ಕಾಲುಗಳ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಇಟ್ಟರೆ 200 ಪಟ್ಟು. ಈ ‘ಪಟ್ಟು’ ಎಂಬ ಪದವೇ ಸಾಕಾಗಿ, ‘ಗೇನ್’ ಎಂಬುದಕ್ಕೆ ‘ಲಾಭ’ ಎಂದೋ ‘ಗಳಿಕೆ’ ಎಂದೋ ಬರೆಯುವ ಕಷ್ಟ ತಪ್ಪಿತು.

ನಿಜವಾದ ತೊಡಕು ಇರುವುದು ಸದ್ದುಗಳ ಹೆಸರಿನಲ್ಲಿ. ಮೈಕನ್ನು ತೆಗೆದು ಅದರ ಜಾಗದಲ್ಲಿ ತಂತಿಯ ಸುರುಳಿಯನ್ನು ಜೋಡಿಸಿದಾಗ ಉಪಕರಣ ಗಾಳಿಯಲ್ಲಿ ಬರುವ ಸದ್ದನ್ನು ಬಿಟ್ಟು ಸುತ್ತಲಿನ ಕಾಂತಕ್ಷೇತ್ರದ ಏರಿಳಿತವನ್ನು ಕೇಳಿಸತೊಡಗುತ್ತದೆ. ಹೊಸಬರು ಹೆದರುವುದು ಆಗಲೇ, ಏಕೆಂದರೆ ಮನೆಯ ಪ್ರತಿ ಗೋಡೆಯೂ ಏನನ್ನೋ ಅಡಗಿಸಿಕೊಂಡಂತೆ ಸದ್ದು ಮಾಡುತ್ತದೆ. ಯಾವ ಸದ್ದು ನಿರುಪದ್ರವಿ ಎಂದು ಹೇಳಬೇಕಾದರೆ ಅದನ್ನು ಓದುಗ ಗುರುತಿಸುವಂತೆ ಹೆಸರಿಸಬೇಕು. ವಿದ್ಯುತ್ ಕಂಬಿಯಿಂದ ಬರುವ 50 ಹರ್ಟ್ಸಿನ (ಸೆಕೆಂಡಿಗೆ 50 ಕಂಪನಗಳ) ಸದ್ದು, ಅಡಾಪ್ಟರುಗಳ ಬಳಿ ಕೇಳುವ 100 ಹರ್ಟ್ಸಿನ ಸದ್ದು, ಇವೆರಡನ್ನೂ ‘ಗುಂಯ್‌’ ಎಂದು ಬರೆದಿದ್ದೇನೆ. ‘ಝೇಂಕಾರ’ ಇಂಪನ್ನು ಸೂಚಿಸುತ್ತದೆ, ‘ಮೊರೆತ’ ಕಡಲಿಗೋ ಜೇನಿಗೋ ಹೋಗುತ್ತದೆ. ಇಲ್ಲಿ ಅನುಕರಣ ಶಬ್ದವೇ ಮೇಲು. ಮಳೆಗಾಲದಲ್ಲಿ ಊರಿಗೂರೇ ಕರೆಂಟ್ ಹೋದಾಗ ಈ ‘ಗುಂಯ್‌’ ಪೂರ್ತಿ ನಿಲ್ಲುತ್ತದೆ, ಆದುದರಿಂದ ಸದ್ದಿನ ಮೂಲವನ್ನು ಕಲಿಸಲು ಕೊಡಗಿನಲ್ಲಿ ಜುಲೈ ತಿಂಗಳಿಗಿಂತ ಒಳ್ಳೆಯ ಕಾಲವಿಲ್ಲ. ಸೆಕೆಂಡಿಗೆ ಸುಮಾರು ಒಂದು ಬಾರಿ ಬರುವ ‘ಟಕ್‌’ ಎಂಬುದು ಆನೆಗಳನ್ನು ತಡೆಯಲು ಹಾಕಿದ ಸೋಲಾರ್ ಬೇಲಿಯ ಮಿಡಿತ. ಬೇಲಿಯ ಹತ್ತಿರದ ಮನೆಯಲ್ಲಿ ಅದನ್ನೇ ರಹಸ್ಯ ಮೈಕಿನ ಗುರುತೆಂದು ತಿಳಿಯುವ ಸಂಭವ ಬಹಳ. 2ಜಿ ಜಾಲದಲ್ಲಿರುವ ಫೋನು ಸೆಕೆಂಡಿಗೆ ಸುಮಾರು 217 ಬಾರಿ ತುಂಡುತುಂಡಾಗಿ ಪ್ರಸಾರ ಮಾಡುವುದರಿಂದ ಕರೆ ಬರುವ ಮುನ್ನ ಒಂದು ಒರಟು ಸದ್ದು ಹುಟ್ಟುತ್ತದೆ. ಸಿಗ್ನಲ್ ಕಡಿಮೆಯಿರುವ ಕಣಿವೆಗಳಲ್ಲಿ ಫೋನು ಹೆಚ್ಚು ಶಕ್ತಿ ಹಾಕುವುದರಿಂದ ಅದು ಇನ್ನಷ್ಟು ಜೋರಾಗಿ ಕೇಳುತ್ತದೆ. ಇದಕ್ಕೆ ‘ಗರ್‌ಗರ್‌’ ಎನ್ನಲೇ, ‘ಡಿರ್‌ಡಿರ್‌’ ಎನ್ನಲೇ ಎಂಬುದು ತೀರ್ಮಾನವಾಗಿಲ್ಲ.

‘ಗುಪ್ತ ಮೈಕ್ ಪತ್ತೆ ಯಂತ್ರ’ ಎಂದು ಕರೆದರೆ ಕೈಪಿಡಿ ಹೆಚ್ಚು ಜನರನ್ನು ಸೆಳೆಯುತ್ತದೆ ಎಂದವರೂ ಉಂಟು. ಈ ಹೆಸರನ್ನು ನಾನು ದೃಢವಾಗಿ ವಿರೋಧಿಸುತ್ತೇನೆ. ಫೋನ್ ಕರೆಯನ್ನು ದೂರವಾಣಿ ಸಂಸ್ಥೆಯ ವಿನಿಮಯ ಕೇಂದ್ರದಲ್ಲಿ ಆಲಿಸುತ್ತಿದ್ದರೆ ಅದರ ಯಾವ ಸುಳಿವೂ ಈ ಉಪಕರಣಕ್ಕೆ ಸಿಗುವುದಿಲ್ಲ. ಫೋನಿನೊಳಗೆ ಸೇರಿಸಿದ ಬೇಹು ತಂತ್ರಾಂಶವನ್ನೂ ಅದು ಕಾಣಲಾರದು. ಕ್ಯಾಮೆರಾದ ಬಳಿ ಸುರುಳಿಯನ್ನು ಹಿಡಿದರೆ ಒಳಗಿನ ವಿದ್ಯುನ್ಮಾನ ಭಾಗಗಳ ಸದ್ದು ಕೇಳಬಹುದು, ಆದರೆ ಮೈಕ್ ಇದ್ದರೂ ಇಲ್ಲದಿದ್ದರೂ ಆ ಸದ್ದು ಇರುತ್ತದೆ. ಸದ್ದಿಲ್ಲ, ಹಾಗಾಗಿ ಯಾರೂ ಕೇಳುತ್ತಿಲ್ಲ ಎಂದು ಲೈನ್‌ಮನೆಯ ಒಬ್ಬ ತಾಯಿ ನಂಬಿಬಿಟ್ಟರೆ ಆ ಹೆಸರಿನ ಹೊಣೆಯನ್ನು ಬರೆದವನೇ ಹೊರಬೇಕು. ಈ ವರ್ಧಕ ಕಲಿಸುವುದು ಬೇರೆಯದನ್ನು: ಅಗ್ಗದ ಒಂದು ಮೈಕ್ ಕಣದ ಈ ತುದಿಯಿಂದ ಎಷ್ಟು ದೂರದ ಮಾತನ್ನು ಹಿಡಿಯುತ್ತದೆ, ಮಳೆಯ ಸದ್ದಿನಲ್ಲಿ ಅದು ಎಷ್ಟು ಮಂಕಾಗುತ್ತದೆ ಎಂಬುದನ್ನು ತಾನೇ ಕಟ್ಟಿ ಕೇಳಿದವರು ಅಂದಾಜಿನಿಂದಲ್ಲ, ಅನುಭವದಿಂದ ಹೇಳಬಲ್ಲರು. ಕ್ಯಾಮೆರಾದಲ್ಲಿ ಮೈಕ್ ಇದೆಯೇ, ಇದ್ದರೆ ಅದನ್ನು ನಿಲ್ಲಿಸಲಾಗಿದೆಯೇ ಎಂದು ತೋಟದ ಲೆಕ್ಕಪತ್ರ ನೋಡುವ ರೈಟರನ್ನು ನೇರವಾಗಿ ಕೇಳುವ ಧೈರ್ಯವೂ ಅದರಿಂದ ಬರುತ್ತದೆ.

ತಮ್ಮಲ್ಲಿ ನನ್ನ ವಿನಂತಿ ಇಷ್ಟು. ‘ಆಲಿಕೆ’ ಎಂಬ ನಾಮಪದ ‘ಕದ್ದು’ ಎಂಬುದರ ಸಂಗವಿಲ್ಲದೆ ಒಂಟಿಯಾಗಿ ಬಳಕೆಯಲ್ಲಿರುವುದನ್ನು ಬಲ್ಲವರು ಪ್ರಯೋಗಸಹಿತ ತಿಳಿಸಬೇಕು. ಮಾತನ್ನೂ ದಾಖಲಿಸುವ ಕ್ಯಾಮೆರಾ ಇರುವೆಡೆ ಹಾಕಬೇಕಾದ ಫಲಕಕ್ಕೆ ‘ಇಲ್ಲಿ ದೃಶ್ಯ ಮತ್ತು ಮಾತು ಎರಡೂ ದಾಖಲಾಗುತ್ತವೆ’ ಎಂಬುದಕ್ಕಿಂತ ಚಿಕ್ಕದಾದ, ಅಷ್ಟೇ ಸ್ಪಷ್ಟವಾದ ಕನ್ನಡ ಸಾಧ್ಯವೇ ಎಂಬುದನ್ನೂ ಹೇಳಬೇಕು. ಮೈಕ್‌ಸೆಟ್ಟಿನ ಕೆಲಸದವರು, ರೇಡಿಯೋ ರಿಪೇರಿಯವರು 50 ಹರ್ಟ್ಸಿನ ಆ ಸದ್ದಿಗೆ ತಮ್ಮ ತಮ್ಮ ಊರುಗಳಲ್ಲಿ ಏನೆನ್ನುತ್ತಾರೆ ಎಂಬುದು ತಿಳಿದರೆ, ‘ಗುಂಯ್‌’ ಎಂಬುದನ್ನು ತೆಗೆದು ಅದನ್ನೇ ಕೈಪಿಡಿಯಲ್ಲಿ ಅಳವಡಿಸುತ್ತೇನೆ.